ವಿಲಾಯತಿಗೆ ಹೋದ ತಮಂಚಾ

ಶಿಡ್ಲಘಟ್ಟ

ನಾವು ಇಂಗ್ಲೆಂಡಿಗೆ ಹೊರಡುವ ಹಿಂದಿನ ದಿನ ಬಾಷಾನ ಮನೆಯ ಜಗುಲಿಯ ಮೇಲೆ ನಾಲ್ಕು ಜನ ಕೂತಿದ್ದೆವು. ನಾನು, ನನ್ನ ಹೆಂಡತಿ ಸರೋಜ, ನನ್ನ ಜೊತೆ ಪ್ರೈಮರಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಏಟು ತಿಂದ ಬಾಷಾ, ಅವನ ಹೆಂಡತಿ ಮುಮ್ತಾಜ್. ಮನೆಯ ಹಿಂದಿನ ಷೆಡ್ಡಿನಲ್ಲಿ ರೇಷ್ಮೆಗೂಡು ಬೇಯುತ್ತಿತ್ತು. ಆ ವಾಸನೆ ಶಿಡ್ಲಘಟ್ಟದವರ ಮೂಗಿಗೆ ಗೊತ್ತಾಗುವುದಿಲ್ಲ. ಚಿಂತಾಮಣಿಯಲ್ಲಿ ಹುಟ್ಟಿದ ಸರೋಜಳಿಗೆ ಮಾತ್ರ ಮದುವೆಯಾಗಿ ಇಷ್ಟು ವರ್ಷವಾದರೂ ಗೊತ್ತಾಗುತ್ತದೆ. ಮೂಗಿಗೆ ಸೆರಗು ಹಿಡಿದುಕೊಂಡೇ ಟೀ ಕುಡಿಯುತ್ತಾಳೆ. ಅದು ಹೇಗೆ ಸಾಧ್ಯ ಎಂದು ನಾನು ಇನ್ನೂ ನೋಡುತ್ತಲೇ ಇದ್ದೇನೆ.

ನಾವು ಹೊರಟಿದ್ದದ್ದು ಬರ್ಮಿಂಗ್‌ಹ್ಯಾಮಿಗೆ. ಸರೋಜಳ ತಂಗಿ ವಿಮಲ ಅಲ್ಲಿ ಬಹಳ ಕಾಲದಿಂದ ನರ್ಸು. ಬಾಷಾನ ಅಣ್ಣ ಗಫಾರ್ ಸಾಹೇಬರೂ ಅದೇ ಊರಿನಲ್ಲಿದ್ದರು. ಅಲ್ಲಿ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಅಣ್ಣತಮ್ಮ ಮಾತು ಬಿಟ್ಟು ಒಂದು ತಲೆಮಾರು ಕಳೆದಿತ್ತು. ಕಾರಣ ಒಂದು ಪಿಸ್ತೂಲು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅವರ ಮನೆಯಲ್ಲಿ ಅಜ್ಜನ ಕಾಲದ ಒಂದು ಪಿಸ್ತೂಲಿತ್ತು. ಮನೆಯವರ ಬಾಯಲ್ಲಿ ಅದು ‘ತಮಂಚಾ’. ಸುಲ್ತಾನರ ಕಾಲದ್ದು ಎನ್ನುತ್ತಿದ್ದರು. ನಮ್ಮ ಕಡೆ ಹಳೆಯದೆಲ್ಲ ಸುಲ್ತಾನರ ಕಾಲದ್ದು, ಅದಕ್ಕೂ ಹಳೆಯದಾದರೆ ಪಾಂಡವರದ್ದು. ನಡುವೆ ಯಾರೂ ಏನೂ ಮಾಡಿದಂತಿಲ್ಲ. ಅಪ್ಪ ತೀರಿಕೊಂಡಾಗ ಗಫಾರ್ ಸಾಹೇಬರು ಊರಿಗೆ ಬಂದು, ಮನೆ, ಷೆಡ್ಡು ಎಲ್ಲ ತಮ್ಮನಿಗೇ ಬಿಟ್ಟು, ತಮಂಚಾ ಒಂದನ್ನು ಕೇಳಿದರು. ಹೊರಡುವ ದಿನ ಅವರ ತಾಯಿ ಅದನ್ನು ಬಟ್ಟೆಯಲ್ಲಿ ಸುತ್ತಿ, ಸುತ್ತಲೂ ಹೊಲಿಗೆ ಹಾಕಿ, ಬಾಷಾನ ಕೈಗೆ ಕೊಟ್ಟರು. ಬಾಷಾ ಬೊಂಬಾಯಿಯವರೆಗೆ ಹೋಗಿ, ಹಡಗು ಹತ್ತುವ ಅಣ್ಣನಿಗೆ ಗಂಟು ಒಪ್ಪಿಸಿ ಬಂದ. ಅಣ್ಣ ವಿಲಾಯತಿಗೆ ಹೋಗಿ ಬಿಚ್ಚಿ ನೋಡಿದರೆ, ಅಜ್ಜನ ಕಾಲದಿಂದ ಕರ್ರಗಿದ್ದ ತಮಂಚಾ ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು. ಅಣ್ಣ ತೀರ್ಮಾನ ಮಾಡಿಬಿಟ್ಟರು: ತಮ್ಮ ಅಸಲಿಯನ್ನು ಮಾರಿಕೊಂಡು ನಕಲಿ ಕೊಟ್ಟಿದ್ದಾನೆ. ‘ಅಮ್ಮಿ ಹೊಲಿದು ಕೊಟ್ಟದ್ದನ್ನೇ ಕೊಟ್ಟೆ’ ಎಂದು ಬಾಷಾ ಹೇಳಿ ಕಳಿಸಿದ. ಅದು ಇನ್ನೂ ಕೆಟ್ಟದಾಯಿತು. ತನ್ನ ಕಳ್ಳತನಕ್ಕೆ ಅಮ್ಮಿಯ ಹೆಸರು ಎಳೆಯುತ್ತಾನೆ ಎಂದು ಅಣ್ಣ ಬಾಗಿಲು ಹಾಕಿಕೊಂಡರು. ಅದೇ ವರ್ಷ ತಾಯಿ ಹೋದರು. ಕೇಳಲು ಬೇರೆ ಯಾರೂ ಉಳಿಯಲಿಲ್ಲ.

ಈಗ ಬಾಷಾನ ಮಗಳ ಮದುವೆ ಗೊತ್ತಾಗಿತ್ತು.

“ಕಿಟ್ಟಿ, ಒಂದ್ ಕೆಲ್ಸ ಮಾಡೋ,” ಅಂದ ಬಾಷಾ. “ಅದನ್ನ ಯಾರಾದ್ರೂ ಬಲ್ಲೋರಿಗೆ ತೋರ್ಸು. ನಕಲಿ ಅಂದ್ರೆ ನಾನ್ ಕಳ್ಳ ಅಂತ ಊರ್ ಮುಂದೆ ಒಪ್ಕೋತೀನಿ. ಅಸಲಿ ಅಂದ್ರೆ ಭಾಯಿಜಾನ್ ಬಂದು ಹುಡ್ಗೀ ತಲೆ ಮೇಲೆ ಕೈ ಇಡ್ಲಿ. ದೊಡ್ಡಪ್ಪ ಇದ್ದೂ ಇಲ್ದಂಗೆ ಹೆಂಗೋ ನಿಕಾ ಮಾಡೋದು?”

“ನಂಗೇನೋ ಗೊತ್ತು ಪಿಸ್ತೂಲು? ನಾನು ಮಂಚೇನಹಳ್ಳೀಲಿ ಸಂಧಿ ಸಮಾಸ ಹೇಳ್ಕೊಟ್ಟೋನು.”

“ಅದ್ಕೇ. ಒಡೆಯೋದು ಕೂಡ್ಸೋದು ನಿಂಗ್ ಗೊತ್ತಲ್ಲ,” ಅಂದ.

ಮುಮ್ತಾಜ್ ಒಳಗಿನಿಂದ ಒಂದು ಪೊಟ್ಟಣ ತಂದಳು. ಮುರುಗಮಲ್ಲದ ದರ್ಗಾದಲ್ಲಿ ಓದಿಸಿದ ಸಕ್ಕರೆ, ಉರ್ದು ಪೇಪರಿನಲ್ಲಿ ಕಟ್ಟಿ ದಾರ ಸುತ್ತಿದ್ದು. “ಭಾಯಿಜಾನ್‌ಗೆ ಕೊಡಿ ಅಕ್ಕಾ,” ಅಂತ ಸರೋಜಳ ಕೈಗೇ ಕೊಟ್ಟಳು. ನನ್ನ ಮೇಲೆ ಆಕೆಗೆ ಎಂದೂ ಭರವಸೆಯಿಲ್ಲ.

ಬರ್ಮಿಂಗ್‌ಹ್ಯಾಮ್, ವಿಮಾನ ನಿಲ್ದಾಣ

ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣವಾದದ್ದರಿಂದ ನಮಗೆ ವಿದೇಶ ಬೆಂಗಳೂರಿಗಿಂತ ಹತ್ತಿರ. ವಿಮಾನದೊಳಗಿನ ಸಂಗತಿಗಳನ್ನು ಹೇಳುವುದಿಲ್ಲ. ಹೋದವರಿಗೆಲ್ಲ ಗೊತ್ತು, ಹೋಗದವರಿಗೆ ಅವರು ಆಗಲೇ ಹೇಳಿರುತ್ತಾರೆ. ಸರೋಜ ಮಾತ್ರ ಕಿಟಕಿಯ ಪಕ್ಕ ಕೂತು ಮೋಡವನ್ನು ನೋಡಿ, “ಹತ್ತಿ ಹಿಂಜಿ ಒಣಗಾಕವ್ರೆ, ಯಾರೂ ಕಾಯೋರೇ ಇಲ್ಲ,” ಎಂದದ್ದನ್ನು ದಾಖಲಿಸುತ್ತೇನೆ.

ಇಳಿದ ಮೇಲೆ ಪೊಟ್ಟಣದ ಕಥೆ ಶುರುವಾಯಿತು. ಚೀಲ ತೆರೆಸಿದ ಅಧಿಕಾರಿಗೆ ಉಪ್ಪಿನಕಾಯಿಯ ಬಗ್ಗೆ ತಕರಾರಿರಲಿಲ್ಲ, ಹುರಿಗಾಳಿನ ಬಗ್ಗೆ ಇರಲಿಲ್ಲ. ಅರ್ಥವಾಗದ ಲಿಪಿಯ ಕಾಗದದಲ್ಲಿ ದಾರ ಸುತ್ತಿಟ್ಟ ಬಿಳಿ ಪುಡಿಯನ್ನು ಕಂಡಾಗ ಆತನ ಮುಖ ಗಂಭೀರವಾಯಿತು. “ಇದೇನು?” ಎಂದ. ‘ಓದಿಸಿದ ಸಕ್ಕರೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ನಾನು ಯತ್ನಿಸಿದೆ. ಸಕ್ಕರೆಗೆ ಪ್ರಾರ್ಥನೆ ಓದಿಸಿದ್ದಾರೆ ಎಂದೆ. ಆತ ಇನ್ನೊಬ್ಬನನ್ನು ಕರೆದ.

ಅಷ್ಟರಲ್ಲಿ ಸರೋಜ ಪೊಟ್ಟಣಕ್ಕೆ ಕೈ ಹಾಕಿ, ಒಂದು ಚಿಟಿಕೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಆತನ ಕೈಗೆ ನೀಡಿದಳು. “ತಗೊಳ್ಳಪ್ಪಾ, ಒಳ್ಳೇದಾಗತ್ತೆ.” ಇಬ್ಬರು ಆಳೆತ್ತರದ ಬಿಳಿಯರು ಆಕೆಯನ್ನೇ ನೋಡಿದರು. ಆಮೇಲೆ ಏನೋ ಯಂತ್ರದಲ್ಲಿ ಸಕ್ಕರೆಯನ್ನು ಪರೀಕ್ಷಿಸಿ, ಅದು ಸಕ್ಕರೆಯೇ ಎಂದು ನಮಗೆ ತಿಳಿಸಿ, ‘ಸಾರಿ’ ಹೇಳಿದರು. ಆ ದೇಶದಲ್ಲಿ ಸಾರಿ ಎನ್ನುವುದು ನಮ್ಮಲ್ಲಿ ಕೆಮ್ಮಿದ ಹಾಗೆ. ನೀವು ಅವರ ಕಾಲು ತುಳಿದರೂ ಅವರೇ ಹೇಳುತ್ತಾರೆ.

ವಿಮಲಳ ಮನೆ

ವಿಮಲಳ ಮನೆಯಲ್ಲಿ ಬಚ್ಚಲಿಗೂ ಕಂಬಳಿ ಹಾಸಿದ್ದರು. ನೀರು ಚೆಲ್ಲದೆ ಸ್ನಾನ ಮಾಡಬೇಕು. ಬಟ್ಟೆ ನೆನೆಯದಂತೆ ಕೆರೆ ದಾಟು ಎಂದ ಹಾಗಾಯಿತು. ಪಕ್ಕದ ಮನೆಯಾಕೆ ದಿನಾ ಬೇಲಿಯಾಚೆಯಿಂದ “ಇವತ್ತು ಹವೆ ಚೆನ್ನಾಗಿದೆ ಅಲ್ಲವೇ?” ಎನ್ನುತ್ತಿದ್ದಳು. ಹವೆ ಚೆನ್ನಾಗಿರಲಿಲ್ಲ. ನಾವು ‘ತಿಂಡಿ ಆಯ್ತಾ’ ಎನ್ನುವಾಗ ಎದುರಿನವರ ತಿಂಡಿಯ ಚಿಂತೆ ನಮಗೇನು ಇರುತ್ತದೆ? ಹಾಗೆಯೇ ಇದೂ ಎಂದು ಮೂರನೆಯ ದಿನಕ್ಕೆ ಅರ್ಥವಾಯಿತು. ಸರೋಜ ಆಕೆಗೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ತೃಪ್ತಿಯಾಗುತ್ತಿತ್ತು.

ಆ ಪಕ್ಕದ ಮನೆಯಾಕೆಯ ಅಣ್ಣ ಹಳೆಯ ಕೋವಿಗಳನ್ನು ಪರೀಕ್ಷೆ ಮಾಡಿ ಹೇಳುವವನಂತೆ. ಹೆಸರು ವಿಲ್ಫ್ರೆಡ್. ಈ ಸಂಗತಿ ಹೊರಬಿದ್ದದ್ದು ಹವೆಯ ಮಾತಿನ ನಡುವೆಯೇ. ನಾನು ಬಂದ ಕೆಲಸ ಅರ್ಧ ಆಯಿತೆಂದುಕೊಂಡೆ. ಉಳಿದರ್ಧ ಗಫಾರ್ ಸಾಹೇಬರು.

ಗಫಾರ್ ಸಾಹೇಬರ ಮನೆ

ಬಾಗಿಲು ತೆಗೆದವರು ನೀಳ ಕೋಟು ತೊಟ್ಟ, ಬೆಳ್ಳನೆ ಗಡ್ಡದ, ಬಾಷಾನದೇ ಮೂಗಿನ ಮನುಷ್ಯ. ಒಂಟಿ ಜೀವ. ಹೆಂಡತಿ ತೀರಿಕೊಂಡಿದ್ದರು. “ಅರೆರೆ, ಬನ್ನಿ ಬನ್ನಿ! ಶಿಡ್ಲಘಟ್ಟದ ಕಾಲು ನಮ್ಮ ಮನೇಗ್ ಬಂತಾ?” ಎಂದರು. ಅವರ ಕನ್ನಡ ಹಡಗು ಹತ್ತಿದ ದಿನವೇ ನಿಂತ ಗಡಿಯಾರ. ಬಸ್ಸಿಗೆ ‘ಮೋಟಾರು’ ಅನ್ನುತ್ತಾರೆ.

“ಪುಟ್ಟ ರೈಲು ಟೈಮಿಗೆ ಸರಿಯಾಗ್ ಬರ್ತದಾ ಈಗ?”

“ಅದು ನಿಂತೋಗಿ ಕಾಲ ಆಯ್ತು ಸಾಬ್ರೇ. ಹಳಿ ಕಿತ್ತಾಕಿ ದೊಡ್ಡದ್ ಮಾಡ್ತಾವ್ರೆ.”

“ಲೇಟ್ ಆದ್ರೂ ಬರ್ತಿತ್ತು,” ಎಂದು ರೈಲಿನ ಪರ ವಹಿಸಿದರು. ನಮ್ಮದು ಈಗ ಚಿಕ್ಕಬಳ್ಳಾಪುರ ಜಿಲ್ಲೆ ಎಂದರೆ ಒಪ್ಪಲಿಲ್ಲ. “ಕೋಲಾರ ಡಿಸ್ಟ್ರಿಕ್ಟ್ ಅಂತಾನೇ ನನ್ ಪಾಸ್‌ಪೋರ್ಟಲ್ಲಿರೋದು. ನನ್ನ ಕೇಳ್ದೆ ಹೆಂಗ್ ಚೇಂಜ್ ಮಾಡ್ತಾರೆ?”

ಸರೋಜ ಸಕ್ಕರೆಯ ಪೊಟ್ಟಣ ಕೊಟ್ಟಳು. ಅವರು ಕಾಗದವನ್ನು ಬಿಚ್ಚುವ ಮೊದಲು ಓದಿದರು. ಊರಿನ ಯಾವುದೋ ಅಂಗಡಿಯ ಜಾಹೀರಾತು. ಆಮೇಲೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. “ಅಮ್ಮಿ ಗುರುವಾರ ಗುರುವಾರ ಕರ್ಕೊಂಡ್ ಹೋಗ್ತಿದ್ಲು, ಮುರುಗಮಲ್ಲಕ್ಕೆ. ಬಾಷಾಗೆ ಗಾಡೀಲಿ ವಾಂತಿ ಆಗ್ತಿತ್ತು,” ಎಂದರು. ತಮ್ಮನ ಹೆಸರು ಬಾಯಿಂದ ಬಂದದ್ದು ಅವರಿಗೇ ಸಿಟ್ಟು ತರಿಸಿತೆಂದು ಕಾಣುತ್ತದೆ. ಎದ್ದು ಹೋಗಿ ಟೀಗೆ ನೀರಿಟ್ಟರು.

ನಾನು ಬಾಷಾನ ಮಾತನ್ನು ಹೇಳಿದೆ. ಹೇಗೆ ಹೇಳಿದೆನೋ, ಮೇಷ್ಟರ ಗತ್ತು ಬಂದಿರಬೇಕು.

“ಯಾಕ್ ತೋರ್ಸ್‌ಬೇಕು?” ಎಂದರು. “ನಮ್ ದಾದಾದು, ಅಜ್ಜಂದು, ಕಪ್ಪಗಿತ್ತು. ಇದು ಬೆಳ್ಳಗೈತೆ. ಹಿಂದ್ಗಡೆ ಏನೇನೋ ಚುಕ್ಕಿ ಹಾಕಿ ಡಿಸೈನ್ ಮಾಡವ್ರೆ. ನಮ್ದರಲ್ಲಿ ಚುಕ್ಕಿ ಇರ್ಲಿಲ್ಲ. ಇನ್ನೇನ್ ಬೇಕು ಸಾಕ್ಷಿ?”

“ಬಲ್ಲೋರು ಒಂದ್ಸಲ ನೋಡ್ಲಿ ಅಂತ...”

“ನೋಡಿ, ನಕಲಿ ಅಂದ್ರೆ ಏನೂ ಇಲ್ಲ, ಗೊತ್ತಿರೋದೇ. ಅಸಲಿ ಅಂದ್ರೆ...” ಎಂದು ಟೀ ಬಸಿಯತೊಡಗಿದರು. ಕಂಡಕ್ಟರ್ ಆಗಿದ್ದವರು, ಇಳಿಯುವ ಜಾಗ ಬಿಟ್ಟು ಮುಂದೆ ಹೋದ ಪ್ರಯಾಣಿಕನ ಮುಖ ಹೇಗಿರುತ್ತದೆಂದು ಅವರಿಗೆ ಗೊತ್ತು.

“ಅಸಲಿ ಅಂದ್ರೆ ಮದ್ವೆಗ್ ಬರ್ಬೇಕಾಗತ್ತೆ, ಅಷ್ಟೇ ತಾನೆ ಅಣ್ಣಾ?” ಅಂದಳು ಸರೋಜ. “ನಿಮ್ಮಂಥೋರು ಬಿರಿಯಾನಿಗ್ ಹೆದ್ರೋದಾ?”

ಗಫಾರ್ ಸಾಹೇಬರು ನಗಲಿಲ್ಲ. ಆದರೆ ಕೋಟಿನ ಗುಂಡಿ ಹಾಕಿಕೊಂಡರು.

ವಿಲ್ಫ್ರೆಡ್‌ನ ಕೋಣೆ

ವಿಲ್ಫ್ರೆಡ್ ಕೈಗೆ ಬಿಳಿ ಗವಸು ತೊಟ್ಟುಕೊಂಡು, ಮೇಜಿನ ಕೆಳಗೆ ಒಂದು ಮುದಿ ನಾಯಿಯನ್ನು ಮಲಗಿಸಿಕೊಂಡು ಕೂತಿದ್ದ. ಆತನ ಇಂಗ್ಲಿಷು ಬರ್ಮಿಂಗ್‌ಹ್ಯಾಮಿನ ಇಂಗ್ಲಿಷು. ಅದಕ್ಕೂ ನಾನು ಮಂಚೇನಹಳ್ಳಿಯಲ್ಲಿ ಕೇಳಿದ ಇಂಗ್ಲಿಷಿಗೂ ದೂರದ ಸಂಬಂಧವೂ ಇಲ್ಲ. ಹಾಗಾಗಿ ಆತ ಹೇಳಿದ್ದನ್ನೆಲ್ಲ ಗಫಾರ್ ಸಾಹೇಬರೇ ನಮಗೆ ಕನ್ನಡದಲ್ಲಿ ಹೇಳಬೇಕಾಯಿತು. ತಮ್ಮನ ಮೇಲಿನ ಖಟ್ಲೆಯ ತೀರ್ಪನ್ನು ಅಣ್ಣನೇ ಓದುವ ಹಾಗಾಯಿತು.

ಪಿಸ್ತೂಲನ್ನು ನಾನು ನೋಡಿದ್ದು ಅದೇ ಮೊದಲು. ಮೊಣಕೈಯಷ್ಟುದ್ದ. ಮರದ ಹಿಡಿ ನಮ್ಮ ಶಾಲೆಯ ಬೆಂಚಿನ ಹಾಗೆ ವಾರ್ನಿಶ್ ಬಳಿದುಕೊಂಡಿತ್ತು. ನಳಿಗೆ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಹಿಡಿಯ ತುದಿಯಲ್ಲಿ ರೂಪಾಯಿ ಅಗಲದ ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಚುಕ್ಕಿ ಚುಕ್ಕಿ. ನಿಜ ಹೇಳುತ್ತೇನೆ, ನನಗೇ ಅನುಮಾನ ಬಂತು. ಇಷ್ಟು ಹೊಳೆಯುವುದು ಹಳೆಯದಾಗಿರಲು ಹೇಗೆ ಸಾಧ್ಯ? ಬಾಷಾ, ನಿನ್ನ ಕಥೆ ಮುಗಿಯಿತು ಕಣೋ ಎಂದುಕೊಂಡೆ.

ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಸುತ್ತ ಎಷ್ಟು ಅಂಗಡಿಗಳ ಬೋರ್ಡಿನಲ್ಲಿ ‘ಒರಿಜಿನಲ್’ ಎಂದು ಬರೆದಿದೆ, ನೋಡಿದ್ದೀರಲ್ಲ? ಡೂಪ್ಲಿಕೇಟಿನವರು ಅದನ್ನೇ ಇನ್ನೂ ದಪ್ಪಕ್ಷರದಲ್ಲಿ ಬರೆಸಿರುತ್ತಾರೆ. ನಮ್ಮಲ್ಲಿ ವಸ್ತು ಒಂದೋ ಒರಿಜಿನಲ್, ಇಲ್ಲವೋ ಡೂಪ್ಲಿಕೇಟ್. ವಿಲ್ಫ್ರೆಡ್‌ಗೆ ಹಾಗಿಲ್ಲ. ಒಂದೊಂದು ತಿರುಪಿಗೂ ಬೇರೆ ಬೇರೆ ವಿಚಾರಣೆ. ಮಸೂರ ಕಣ್ಣಿಗಿಟ್ಟು “ಹ್ಞಂ” ಅಂತಾನೆ. ಆ ಹ್ಞಂ ಒಳ್ಳೆಯದೋ ಕೆಟ್ಟದ್ದೋ ಹೇಳುವುದಿಲ್ಲ. ನಾಯಿ ಮಾತ್ರ ಪ್ರತಿ ಹ್ಞಂಗೂ ಬಾಲ ಆಡಿಸುತ್ತದೆ.

“ಮರ ಉಜ್ಜವ್ರಂತೆ,” ಎಂದರು ಗಫಾರ್ ಸಾಹೇಬರು. “ಅಂಚು ಚೂಪಾಗಿರ್ಬೇಕಂತೆ, ಉಪ್ಪು ಕಾಗದ ಹಾಕಿ ಉಜ್ಜಿ ಮೊಂಡು ಮಾಡವ್ರಂತೆ. ವಾರ್ನಿಶ್ ಆಮೇಲಿಂದು.” ಅವರ ದನಿಯಲ್ಲಿ ಗೆದ್ದವರ ಸಮಾಧಾನ. “ಕೆತ್ತಿರೋ ಬಳ್ಳಿ ಎಲೆ ಎಲ್ಲಾ ಸವೆದೋಗಿದಂತೆ. ನಾನ್ ಹೇಳ್ಲಿಲ್ವಾ?”

ಆಮೇಲೆ ಆತ ತಿರುಪುಗಳನ್ನು ಬಿಚ್ಚಿ, ಭಾಗಗಳನ್ನು ಒಂದೊಂದಾಗಿ ಬಟ್ಟೆಯ ಮೇಲಿಟ್ಟ. ನಳಿಗೆಯ ಅಡಿಯನ್ನು ತಿರುಗಿಸಿ ತೋರಿಸಿದ. ಮರದ ಒಳಮೈ ತೋರಿಸಿದ. ಗುಂಡು ಹಾರಿಸುವ ಕುದುರೆಯನ್ನು ಕೂರಿಸಿದ್ದ ತಗಡಿನ ಹಿಂಬದಿ ತೋರಿಸಿದ. ಎಲ್ಲ ಕಡೆಯೂ ಅರದಿಂದ ಎಳೆದ ಒಂದೇ ಬಗೆಯ ಗೀರುಗಳು. ನಮ್ಮ ಬಡಗಿಗಳು ಬಾಗಿಲ ಚೌಕಟ್ಟು ಮಾಡುವಾಗ ಯಾವ ಕಂಬಕ್ಕೆ ಯಾವ ಪಟ್ಟಿ ಎಂದು ಗುರುತು ಹಾಕಿಕೊಳ್ಳುವುದಿಲ್ಲವೇ, ಹಾಗೆ.

ಗಫಾರ್ ಸಾಹೇಬರ ಅನುವಾದ ನಿಧಾನವಾಯಿತು. “ಎಲ್ಲಾ ಒಂದೇ ಹೊಟ್ಟೇಲಿ ಹುಟ್ಟಿರೋದು ಅಂತಾವ್ನೆ. ಒಳಗಡೆ ಯಾರೂ ಕೈ ಇಟ್ಟಿಲ್ವಂತೆ. ಹಳೇದೇ. ಸುಲ್ತಾನರದ್ದಲ್ಲ, ಅವರಾದ್ ಮೇಲೆ ಈ ಊರಲ್ಲೇ ಮಾಡಿದ್ದಂತೆ...” ಬಟ್ಟೆಯ ಮೇಲಿನ ಭಾಗಗಳನ್ನು ನೋಡುತ್ತಾ, “ಅಸಲಿ. ಮುಖ ಮಾತ್ರ ಕೆಡ್ಸವ್ರೆ,” ಎಂದರು.

ಸುಲ್ತಾನರು ಕೈಬಿಟ್ಟುಹೋದದ್ದಕ್ಕೆ ಅವರು ಬೇಸರ ಪಡಲೂ ಇಲ್ಲ. ಆದರೆ ಕಂಡಕ್ಟರ್ ಅಷ್ಟು ಸುಲಭಕ್ಕೆ ಟಿಕೆಟ್ ಹರಿಯುತ್ತಾರೆಯೇ? “ಹಳೇ ಪಿಸ್ತೂಲೇ ಇರ್ಬೋದು. ನಮ್ ದಾದಾದೇ ಅಂತ ಏನ್ ಗ್ಯಾರಂಟಿ? ಬದಲಾಯಿಸೋನು ಹಳೇದ್ ಕೊಟ್ಟೇ ಬದಲಾಯಿಸ್ತಾನೆ. ನಮ್ದು ಕಪ್ಪಗಿತ್ತು.”

ವಿಲ್ಫ್ರೆಡ್ ಅದನ್ನೇ ಯೋಚಿಸುತ್ತಿದ್ದ. ನಳಿಗೆಯ ಮೂಲೆಯೊಂದನ್ನು ಸಣ್ಣ ಚೂರಿಯಿಂದ ಕೆರೆದು ನೋಡಿ, ತಲೆ ಕೆರೆದುಕೊಂಡು, ಏನೋ ಹೇಳಿದ.

“ಇದು ಬೆಳ್ಳಿ ಅಲ್ವಂತೆ. ತವರ ಅಂತೆ. ತನ್ನ ಆಯುಸ್ಸಲ್ಲೇ ಪಿಸ್ತೂಲಿಗೆ ತವರ ಹಾಕಿದ್ ನೋಡಿಲ್ವಂತೆ. ಅಡಿಗೆ ಪಾತ್ರೆಗ್ ಹಾಕೋ...”

ಅಲ್ಲಿಗೆ ಅವರ ಅನುವಾದ ನಿಂತಿತು.

“ಕಲಾಯಿ!” ಅಂದಳು ಸರೋಜ. ನಾಯಿ ಬೆಚ್ಚಿ ಎದ್ದಿತು. “ಅಯ್ಯೋ ದೇವುಡಾ! ಪಿಸ್ತೂಲಿಗ್ ಕಲಾಯಿ ಹಾಕ್ಸವ್ರೆ!”

“ನಾನ್ ಹೊರಡೋ ವಾರ ಮನೇಲಿ ದಾವತ್ ಊಟ ಇತ್ತು,” ಎಂದರು ಗಫಾರ್ ಸಾಹೇಬರು, ಯಾರಿಗೂ ಅಲ್ಲದ ಹಾಗೆ. “ಬಿರಿಯಾನಿ ಮಾಡೋ ದೇಗುಗಳೆಲ್ಲಾ ಕಲಾಯಿಗ್ ಹೋಗಿದ್ವು. ಹುಣಿಸೇಮರದ ಕೆಳಗೆ ತಿದಿ ಹಾಕಿದ್ರು.” ಮತ್ತೆ ತಲೆ ಕೊಡವಿದರು. “ಆದ್ರೂ ಆ ಚುಕ್ಕಿ? ದಾದಾದ್ರಲ್ಲಿ ಚುಕ್ಕಿ ಇರ್ಲಿಲ್ಲ.”

ಚುಕ್ಕಿಯ ಮಾತು ಬಂದದ್ದೇ ವಿಲ್ಫ್ರೆಡ್‌ಗೆ ಹುರುಪು ಬಂತು. ಆತನ ಕಣ್ಣೆಲ್ಲ ಮೊದಲಿನಿಂದಲೂ ಆ ಬಿಲ್ಲೆಯ ಮೇಲೇ ಇತ್ತು. ಅದು ಯಾವುದೋ ದೇಶೀ ಸಂಸ್ಥಾನದ ಆಯುಧಶಾಲೆಯ ಮುದ್ರೆ, ತಾನು ಈವರೆಗೆ ಕಾಣದ್ದು ಎಂದು ದಪ್ಪ ಪುಸ್ತಕಗಳನ್ನು ಕೆಳಗಿಳಿಸತೊಡಗಿದ. ಆತ ಬೆನ್ನು ತಿರುಗಿಸಿದ್ದ ಹೊತ್ತಿನಲ್ಲಿ ಸರೋಜ, ಕೈಗವಸೂ ಇಲ್ಲ ಮಣ್ಣೂ ಇಲ್ಲ, ಆ ಹಿಡಿಯನ್ನು ಎತ್ತಿಕೊಂಡು, ತಲೆಕೆಳಗು ಮಾಡಿ, ಬೆಳಕಿಗೆ ಹಿಡಿದಳು. ಬೀಗರ ಮನೆಯಿಂದ ವಾಪಸ್ಸು ಬಂದ ಪಾತ್ರೆ ತಮ್ಮದೇ ಹೌದೇ ಎಂದು ನಮ್ಮ ಹೆಂಗಸರು ನೋಡುತ್ತಾರಲ್ಲ, ಥೇಟ್ ಹಾಗೆ. ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ, ಕನ್ನಡಕ ಮೇಲೆತ್ತಿ ಓದಿದಳು.

“ಕ... ತಿ... ಜಾ... ಬಿ. ಶಿಡ್ಲಘಟ್ಟ.”

ಮತ್ತೊಮ್ಮೆ ಅಕ್ಷರದ ಮೇಲೆ ಬೆರಳಾಡಿಸಿದಳು.

“ಖತೀಜಾ ಬಿ ಅಂತ ಹಾಕ್ಬೇಕಿತ್ತು, ಅವನ್ಯಾವನೋ ಬರೆಯಕ್ ಬರ್ದೇ ಇರೋನು ಕತಿಜಾಬಿ ಮಾಡವ್ನೆ. ಯಾರಣ್ಣಾ ಇದು?”

ಗಫಾರ್ ಸಾಹೇಬರು ಓದಿದ್ದು ಉರ್ದು ಶಾಲೆ. ಬಾಷಾನನ್ನು ಕನ್ನಡ ಶಾಲೆಗೆ ಹಾಕಿದ್ದ ಅವರಪ್ಪ, ದೊಡ್ಡವನನ್ನು ಉರ್ದು ಶಾಲೆಗೆ ಹಾಕಿದ್ದರು. ಕನ್ನಡ ಮಾತಾಡುತ್ತಾರೆ, ಅಕ್ಷರ ಬಾರದು. ಇಷ್ಟು ಕಾಲ ಅವರು ಡಿಸೈನ್ ಎಂದುಕೊಂಡಿದ್ದದ್ದು, ತಮ್ಮ ಕಳ್ಳ ಎನ್ನುವುದಕ್ಕೆ ಸಾಕ್ಷಿಯಾಗಿ ಇಟ್ಟುಕೊಂಡಿದ್ದದ್ದು, ಪಾತ್ರೆ ಅಂಗಡಿಯವನ ಉಳಿಯ ಚುಕ್ಕಿಯಲ್ಲಿ ಮೂಡಿದ ತಾಯಿಯ ಹೆಸರು.

“ಅಮ್ಮಿ,” ಎಂದರು.

“ಮತ್ತೆ?” ಅಂದಳು ಸರೋಜ, ಇದರಲ್ಲೇನು ಆಶ್ಚರ್ಯ ಎನ್ನುವ ಹಾಗೆ. “ಮಗ ಅಷ್ಟ್ ದೂರ ತಗೊಂಡ್ ಹೋಗ್ತಾನೆ. ತುಕ್ಕು ಹಿಡ್ದಿರೋದನ್ನ ಹಂಗೇ ಕಳಿಸ್ತಾರಾ? ತೊಳ್ಸಿ ಕಲಾಯಿ ಹಾಕ್ಸವ್ರೆ. ಮನೆ ಬಿಟ್ ಹೋಗೋ ಸಾಮಾನಿಗೆ ಹೆಸ್ರು ಹಾಕ್ಸ್ದೆ ಯಾರಾದ್ರೂ ಕಳಿಸ್ತಾರಾ ಅಣ್ಣಾ? ಮತ್ತೆ ವಾಪಸ್ ಬರೋದ್ ಬೇಡ್ವಾ?”

ವಿಲ್ಫ್ರೆಡ್ ಪುಸ್ತಕ ಹಿಡಿದು ತಿರುಗಿದವನು ಆಕೆಯ ಬರಿಗೈ ನೋಡಿ ‘ಸಾರಿ’ ಅಂದ. ಮುದ್ರೆಯ ವಿಷಯ ನಾನು ವಿವರಿಸಿದೆ. ಅದು ಆಯುಧಶಾಲೆಯದಲ್ಲ, ಇವರ ತಾಯಿಯದು. ಬಿರಿಯಾನಿ ಪಾತ್ರೆಗಳ ಜೊತೆ ಕೊಟ್ಟು ಹಾಕಿಸಿದ್ದು. ಆತ ಪುಸ್ತಕ ಮುಚ್ಚಿದ. ಪಾಪ, ಆತನ ಹೊಸ ಶೋಧ ಹೋಯಿತು. ಆದರೂ ಸಜ್ಜನ. ಬೇಕಿದ್ದರೆ ತವರವನ್ನೂ ವಾರ್ನಿಶನ್ನೂ ತೆಗೆದು, ಮೊದಲಿನ ಕಪ್ಪು ಬಣ್ಣಕ್ಕೆ ಹತ್ತಿರ ತರಬಲ್ಲೆ, ಈಗಿನ ಸ್ಥಿತಿಯಲ್ಲಿ ಹಳೆಯದನ್ನು ಸಂಗ್ರಹಿಸುವವರು ಇದನ್ನು ಮೂಸಿಯೂ ನೋಡುವುದಿಲ್ಲ ಎಂದ.

“ನೋ, ನೋ,” ಎಂದು ಗಫಾರ್ ಸಾಹೇಬರು ಹಿಡಿಯನ್ನು ಸರೋಜಳ ಕೈಯಿಂದ ತೆಗೆದುಕೊಂಡರು. “ಮೈ ಮದರ್ ವಿಲ್ ಶೌಟ್.”

ಬರುವಾಗ ಬಸ್ಸು ಹತ್ತಿದೆವು. ಗಫಾರ್ ಸಾಹೇಬರ ಹಳೆಯ ರೂಟೇ ಅದು. ಸ್ಟಾಪು ಬಂದಾಗ ಇಳಿಯುವುದನ್ನು ಮರೆತರು. ನಾವೂ ನೆನಪಿಸಲಿಲ್ಲ.

ಮತ್ತೆ ಶಿಡ್ಲಘಟ್ಟ

ಊರಿಗೆ ಬಂದು ಬಾಷಾನಿಗೆ ಎಲ್ಲವನ್ನೂ ಹೇಳಿದೆ. ಅವನು ಮೊದಲು ನಂಬಲಿಲ್ಲ, ಆಮೇಲೆ ನಕ್ಕ, ಆಮೇಲೆ ಸಿಟ್ಟಾದ. “ಅಮ್ಮಿ ಕಲಾಯಿ ಹಾಕ್ಸಿದ್ದಕ್ಕೆ ನಾನ್ ಇಷ್ಟ್ ವರ್ಷ ಕಳ್ಳನಾ? ಭಾಯಿಜಾನ್ ಏನಂದ?”

“ಏನೂ ಅನ್ಲಿಲ್ಲ ಕಣೋ.”

“ಬರ್ತಾನಂತಾ?”

“ಅದನ್ನೂ ಹೇಳ್ಲಿಲ್ಲ.”

ಫೋನೂ ಬರಲಿಲ್ಲ. ಬಾಷಾ ದಿನಾ ಸಂಜೆ ನನ್ನ ಮನೆಯ ಮುಂದೆ ಹಾದು, ಏನೂ ಕೇಳದೆ, ಏನಾದರೂ ಇದ್ದರೆ ನಾನೇ ಹೇಳಲಿ ಎಂದು ನಿಂತು, ಹೋಗುತ್ತಿದ್ದ.

ಮದುವೆಯ ಹಿಂದಿನ ದಿನ ಹಿತ್ತಲಿನಲ್ಲಿ ಒಲೆ ಹೂಡಿ, ಅಟ್ಟದಿಂದ ದೇಗುಗಳನ್ನು ಇಳಿಸುತ್ತಿದ್ದರು. ಬಾಗಿಲಲ್ಲಿ ಒಂದು ಕಾರು ನಿಂತು, ನೀಳ ಕೋಟಿನ ಗಫಾರ್ ಸಾಹೇಬರು ಇಳಿದರು. ಯಾರನ್ನೂ ಮಾತಾಡಿಸದೆ ನೆಟ್ಟಗೆ ಹಿತ್ತಲಿಗೆ ನಡೆದರು. ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದರು. ಪಿಸ್ತೂಲಿನ ಬಿಲ್ಲೆಯ ಮೇಲೆ ಹಾಳೆಯಿಟ್ಟು ಪೆನ್ಸಿಲಿನಿಂದ ಉಜ್ಜಿ ಚುಕ್ಕಿಗಳನ್ನು ಇಳಿಸಿಕೊಂಡಿದ್ದರು. ದೊಡ್ಡ ದೇಗಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದನ್ನು ಬೋರಲು ಹಾಕಿ, ಕಾಗದವನ್ನು ಅಂಚಿನ ಚುಕ್ಕಿಗಳ ಪಕ್ಕ ಹಿಡಿದರು. ಓದಲು ಬಾರದಿದ್ದರೂ ಚುಕ್ಕಿಗೆ ಚುಕ್ಕಿ ಕೂಡಿಸಿ ನೋಡುತ್ತಾ ಹೋದರು. ಅದರಲ್ಲೂ ಕತಿಜಾಬಿಯೇ.

ಬಾಷಾ ಹಿಂದೆ ಬಂದು ನಿಂತಿದ್ದ. ಅಡುಗೆಯವನು ಸೌಟು ಹಿಡಿದು ಕಾಯುತ್ತಿದ್ದ.

“ಭಾಯಿಜಾನ್,” ಅಂದ ಬಾಷಾ, “ದೇಗ್ ಕೊಡು. ಅನ್ನಕ್ಕೆ ನೀರಿಡ್ಬೇಕು.”

ಗಫಾರ್ ಸಾಹೇಬರು ಕೋಟು ಬಿಚ್ಚಿ ತಮ್ಮನ ಹೆಗಲ ಮೇಲೆ ಹಾಕಿ, ದೇಗಿನ ಒಂದು ಕಿವಿ ಹಿಡಿದರು. ಇನ್ನೊಂದು ಕಿವಿ ಬಾಷಾ ಹಿಡಿದ. ಇಬ್ಬರೂ ಎತ್ತಿ ಒಲೆಯ ಮೇಲಿಟ್ಟರು.